ನಾಲ್ಕು ಬೆರಳು ಗಿಡ್ಡ

ಏಳನೆಯ ಕಂತು

"ಇನ್ನೊಂದ್ಸಲ ಅಳೀರಿ ಮೇಡಂ," ಎಂದ ದಫೇದಾರ.

ಅಳತೆಯಮ್ಮ ಅದಾಗಲೇ ಮೂರು ಸಲ ಅಳೆದಿದ್ದಳು. ಆದರೂ ಬೇಸರಿಸದೆ ಟೇಪಿನ ತಗಡಿನ ತುದಿಯನ್ನು ಕಡ್ಡಿಯ ತುದಿಯ ಹಿತ್ತಾಳೆ ಟೊಪ್ಪಿಗೆ ಸಿಕ್ಕಿಸಿ, ಆ ಕೊನೆಯವರೆಗೆ ಎಳೆದು, ಕನ್ನಡಕವನ್ನು ಮೂಗಿನ ತುದಿಗೆ ತಂದುಕೊಂಡು ಓದಿದಳು.

"ಮೂವತ್ತೊಂಬತ್ತು ಇಂಚು. ಸಂಜೆವರೆಗೆ ಅಳೆಸಿದ್ರೂ ಅದು ಬೆಳೆಯಲ್ಲ ದಫೇದಾರ್ರೇ."

ಮೇಜಿನ ಮೇಲಿದ್ದುದು ಒಂದು ಗಜ. ಎಂದರೆ, ಕೋವಿಯ ಬಾಯಿಂದ ಮದ್ದು, ನಾರು, ಗುಂಡು ಇಳಿಸಿ ಗಿಡಿಯುವ ಮರದ ಕಡ್ಡಿ. ಪಕ್ಕದಲ್ಲಿ ಗೋಣಿತಟ್ಟಿನ ಮೇಲೆ ಅದರ ಕೋವಿ ಬಿದ್ದಿತ್ತು. ನಳಿಗೆಯ ಬುಡ ಬಾಳೆಹೂವಿನ ಹಾಗೆ ಬಿರಿದುಕೊಂಡಿತ್ತು. ನಾಲ್ಕು ದಿನದ ಹಿಂದೆ, ಗುರುವಾರ ನಸುಕಿನಲ್ಲಿ, ಹೊಲಕ್ಕೆ ನುಗ್ಗಿದ ಕಾಡುಹಂದಿಗೆ ಗುರಿಯಿಟ್ಟ ಎರಡುಸಲದಣ್ಣನ ಕೈಯಲ್ಲೇ ಅದು ಸಿಡಿದಿತ್ತು. ಹಂದಿ ಬದುಕಿತು, ಅವನು ಉಳಿಯಲಿಲ್ಲ.

ಎರಡುಸಲದಣ್ಣ ಎಂಬುದು ಊರು ಇಟ್ಟ ಹೆಸರು. ಅಗುಳಿ ಹಾಕಿದರೆ ಎರಡು ಸಲ ಅಲ್ಲಾಡಿಸುವವನು, ಹಗ್ಗ ಕಟ್ಟಿದರೆ ಎರಡು ಸಲ ಜಗ್ಗುವವನು, ಮದುವೆಗೆ ಹೆಣ್ಣು ನೋಡಲೂ ಎರಡು ಸಲ ಹೋಗಿದ್ದವನು. ಅಂಥವನು ಮದ್ದು ತುಂಬಿದ್ದ ಕೋವಿಗೆ ಮತ್ತೊಮ್ಮೆ ಮದ್ದು ತುಂಬಿದನೆಂದರೆ ಯಾರು ನಂಬಬೇಕು? ಆದರೆ ಆಗಿದ್ದದ್ದು ಅದೇ. ಎರಡು ಈಡಿನ, ಎಂದರೆ ಎರಡು ಸಲ ಹಾರಿಸುವಷ್ಟು, ಮದ್ದು ಒಂದೇ ಏಟಿಗೆ ಹತ್ತಿಕೊಂಡಿತ್ತು.

ಚೌಕಿಯ ಗೋಡೆಗೆ ಒತ್ತಿ ಹಾಕಿದ್ದ ಬೆಂಚಿನಲ್ಲಿ ಸತ್ತವನ ತಮ್ಮ ಕೈಕೋಳ ಹಾಕಿಸಿಕೊಂಡು ಕೂತಿದ್ದ. ಇಪ್ಪತ್ತಾರು ವರ್ಷದ ಗಟ್ಟಿಮುಟ್ಟು ಆಳು. ನಾಲ್ಕು ದಿನದಲ್ಲಿ ಅಂಗಿ ಎರಡಳತೆ ದೊಡ್ಡದಾಗಿತ್ತು. ಹಿಂದಿನ ಸಂಜೆ ಕೋವಿಗೆ ಮದ್ದು ತುಂಬಿ ಜಗಲಿಯ ಗೂಟಕ್ಕೆ ಏರಿಸಿದ್ದವನು ಅವನೇ. ಅದನ್ನು ಅವನು ಅಲ್ಲಗಳೆಯಲೂ ಇಲ್ಲ.

"ಚಿಂದಿ ಕಟ್ಟಿದ್ದೆ," ಎಂದ ಅವನು, ಯಾರೂ ಕೇಳದಿದ್ದರೂ. ನಾಲ್ಕು ದಿನದಿಂದ ಅವನ ಬಾಯಲ್ಲಿ ಅದೊಂದೇ ಮಾತು. "ಕೋವಿ ಕುದುರೆಗೆ ಕೆಂಪು ಚಿಂದಿ ಕಟ್ಟೇ ಇಟ್ಟಿದ್ದೆ."

ಅದು ಅವರ ಮನೆಯ ಕ್ರಮ. ಕೋವಿಯಲ್ಲಿ ಈಡು ಇದ್ದರೆ, ಕೇಪನ್ನು ಬಡಿದು ಕಿಡಿ ಹೊತ್ತಿಸುವ ಕಬ್ಬಿಣದ ಕುದುರೆಗೆ ಕೆಂಪು ಚಿಂದಿ ಕಟ್ಟಬೇಕು. ಹಾರಿಸಿದವನು ಬಿಚ್ಚಬೇಕು. ಚಿಂದಿ ಕಂಡರೆ, ಒಳಗೆ ಜೀವ ಇದೆ, ಜೋಪಾನ ಎಂದು ಅರ್ಥ. ಗುರುವಾರ ನಸುಕಿನಲ್ಲಿ ಕುದುರೆಯ ಮೇಲೆ ಚಿಂದಿ ಇರಲಿಲ್ಲ. ಮನೆಯಲ್ಲೂ ಸಿಗಲಿಲ್ಲ, ಹೊಲದಲ್ಲೂ ಸಿಗಲಿಲ್ಲ.

ದಫೇದಾರನ ತೀರ್ಮಾನ ಸರಳವಾಗಿತ್ತು: ಇವನು ಕಟ್ಟುವುದನ್ನು ಮರೆತ, ಈಗ ಸುಳ್ಳು ಹೇಳುತ್ತಿದ್ದಾನೆ. ಕೋವಿಯ ಲೈಸೆನ್ಸು ತನ್ನ ಹೆಸರಿಗೆ ಮಾಡಿಕೊಡು ಎಂದು ಅಣ್ಣನ ಜೊತೆ ದಾರಿಯಲ್ಲಿ ನಿಂತು ಜಗಳವಾಡಿದ್ದನ್ನು ಊರೇ ಕೇಳಿತ್ತು. ಅಲ್ಲಿಗೆ ಕೇಸು ಮುಗಿಯಿತು.

ಅಳತೆಯಮ್ಮನಿಗೆ ಮುಗಿದಿರಲಿಲ್ಲ. ಲೈಸೆನ್ಸು ಆಫೀಸಿನಿಂದ ವರ್ಷಕ್ಕೊಮ್ಮೆ ಬಂದು ಈ ಗುಡ್ಡಗಾಡಿನ ಒಂದೊಂದು ಕೋವಿಯನ್ನೂ ಅಳೆದು ಬರೆದುಕೊಂಡು ಹೋಗುವುದು ಅವಳ ಕೆಲಸ. ಮೂವತ್ತು ವರ್ಷ ಅಳೆದೂ ಅಳೆದೂ ಅವಳ ಸ್ವಂತ ಹೆಸರು ಅವಳಿಗೇ ಸಂಬಳದ ದಿನ ಮಾತ್ರ ನೆನಪಾಗುತ್ತಿತ್ತು. ನಳಿಗೆ ಎಷ್ಟು, ಹಿಡಿ ಎಷ್ಟು, ಗಜ ಎಷ್ಟು. ಗಜವನ್ನೇಕೆ ಅಳೆಯುತ್ತೀರಿ, ಅದೇನು ಗುಂಡು ಹೊಡೆಯುತ್ತದೆಯೇ ಎಂದು ಮೇಲಧಿಕಾರಿಗಳು ನಕ್ಕಿದ್ದುಂಟು. ಇವಳು ಬಿಟ್ಟಿರಲಿಲ್ಲ.

ರಿಜಿಸ್ಟರನ್ನು ದಫೇದಾರನ ಕಡೆಗೆ ತಿರುಗಿಸಿದಳು. "ಓದಿ. ಹೋದ ವರ್ಷ ನನ್ನ ಕೈಯಾರೆ ಬರೆದದ್ದು."

"ನಳಿಗೆ ನಲವತ್ತೆರಡು. ಗಜ ನಲವತ್ತೆರಡು." ದಫೇದಾರ ಮೀಸೆ ತುರಿಸಿಕೊಂಡ. "ಸವೆದಿರಬಹುದಲ್ವಾ?"

"ಮೂರಿಂಚು ಸವೀಬೇಕಾದ್ರೆ ಅದು ಗಜ ಅಲ್ಲ, ಪೆನ್ಸಿಲ್ಲು."

ಬಾಗಿಲಿಗೆ ಒರಗಿ ನಿಂತಿದ್ದ ಜೀಪಿನ ಡ್ರೈವರು ಕಿಸಕ್ಕನೆ ನಕ್ಕ. ಇವನನ್ನು ಎಲ್ಲರೂ ಹಾರ್ನಪ್ಪ ಅನ್ನುತ್ತಿದ್ದರು. ಕಾಡಿನ ರಸ್ತೆಯ ಒಂದು ತಿರುವನ್ನೂ ಹಾರ್ನು ಹೊಡೆಯದೆ ದಾಟಿದವನಲ್ಲ. ಎದುರಿಗೆ ಮೊಲ ಬಂದರೂ ಅದಕ್ಕೊಂದು ಎಚ್ಚರಿಕೆ ಕೊಡುವ ಮನುಷ್ಯ. ಹನ್ನೊಂದು ವರ್ಷದಿಂದ ಅಳತೆಯಮ್ಮನನ್ನು ಗುಡ್ಡ ಹತ್ತಿಸಿ ಇಳಿಸುತ್ತಿದ್ದ. ಅವಳ ಮಂಡಿನೋವಿನ ಎಣ್ಣೆಯ ಸೀಸೆ ಕೂಡ ಅವನ ಸೀಟಿನ ಕೆಳಗೇ ಇರುತ್ತಿತ್ತು, ಒರೆಸುವ ಹಳೇ ಬಟ್ಟೆಗಳ ಗಂಟಿನ ಜೊತೆ.

"ಅಕ್ಕಾ, ಅಲ್ಲಿಂದ ಒಂದು ಕೋವಿ ತರ್ಲಾ?" ಎಂದ ಅವನು. ಅಳತೆಗೆಂದು ಬೇರೆ ಮನೆಯವರು ತಂದಿಟ್ಟಿದ್ದ ಕೋವಿಗಳು ಗೋಡೆಗೆ ಸಾಲಾಗಿ ಒರಗಿದ್ದವು.

"ನಲವತ್ತೆರಡರದ್ದೇ ತಾ. ಖಾಲಿ ಇದೆಯಾ ನೋಡ್ಕೊಂಡು ತಾ."

ಖಾಲಿಯೇ ಇತ್ತು. ಅಳತೆಯಮ್ಮ ಆ ಕೋವಿಯದೇ ಗಜವನ್ನು ನಳಿಗೆಯೊಳಗೆ ಇಳಿಸಿದಳು. ಗಜದ ತಲೆ ನಳಿಗೆಯ ಬಾಯಿಗೆ ಸರಿಸಮ ನಿಂತಿತು.

"ಖಾಲಿ ಕೋವಿ ಹೀಗಿರುತ್ತೆ. ಈಗ ಮದ್ದಿನ ಬದಲು ಮರಳು."

ಅಂಗಳದ ಮರಳನ್ನು ಒಂದು ಈಡಿನಷ್ಟು ಸುರಿದು, ನಾರು ತುರುಕಿ, ಗಿಡಿದು, ಮತ್ತೆ ಗಜ ಇಳಿಸಿದಳು. ಈಗ ಗಜ ಬಾಯಿಂದ ನಾಲ್ಕು ಬೆರಳು ಮೇಲೆ ನಿಂತಿತು. ಇಲ್ಲಿಯ ಬೇಟೆಗಾರರೆಲ್ಲ ನೋಡಿಕೊಳ್ಳುವುದು ಇದನ್ನೇ. ಸಮ ಇದ್ದರೆ ಖಾಲಿ, ನಾಲ್ಕು ಬೆರಳು ಎದ್ದಿದ್ದರೆ ಈಡು ಇದೆ. ಕತ್ತಲಲ್ಲೂ ಕೈಬೆರಳಿಟ್ಟು ಹೇಳುತ್ತಾರೆ.

"ಈಗ ಇದನ್ನ ನೋಡಿ."

ಸತ್ತವನ ಗಜವನ್ನು ತೆಗೆದು ಅದೇ ತುಂಬಿದ ಕೋವಿಯೊಳಗೆ ಇಳಿಸಿದಳು.

ಸರಿಸಮ ನಿಂತಿತು. ಖಾಲಿ ಕೋವಿಯ ಹಾಗೆಯೇ.

ದಫೇದಾರ ಬಗ್ಗಿ ನೋಡಿದ. ಬೆರಳಿಟ್ಟು ನೋಡಿದ. ಆಮೇಲೆ ಟೊಪ್ಪಿ ತೆಗೆದು ಮೇಜಿನ ಮೇಲಿಟ್ಟ.

ಬೆಂಚಿನ ಮೇಲಿದ್ದ ತಮ್ಮ ಎದ್ದು ನಿಂತಿದ್ದ. "ಅಣ್ಣ ನೋಡಿದ್ದ," ಎಂದ. "ಊರೆಲ್ಲ ಅಂತಿದ್ರು, ಎರಡು ಸಲ ನೋಡೋನು ಅವತ್ತು ಒಂದು ಸಲವೂ ನೋಡ್ಲಿಲ್ಲ ಅಂತ. ಅಣ್ಣ ನೋಡಿದ್ದ. ಎರಡು ಸಲ ನೋಡಿರ್ತಾನೆ."

"ನೋಡಿದ್ದಾನಪ್ಪ," ಎಂದಳು ಅಳತೆಯಮ್ಮ. "ಗಜ ಅವನಿಗೆ ಎರಡು ಸಲವೂ ಸುಳ್ಳು ಹೇಳ್ತು." ಸತ್ತವನ ಮರ್ಯಾದೆಯಾದರೂ ಉಳಿಯಿತಲ್ಲ ಎಂದು ಅವಳಿಗೆ ಸಮಾಧಾನವಾಯಿತು.

ಆ ಸಮಾಧಾನ ಒಂದು ನಿಮಿಷ ಬಾಳಿತು.

"ಹಾಗಾದ್ರೆ ಇದು ಮರೆವಲ್ಲ," ಎಂದ ದಫೇದಾರ ನಿಧಾನವಾಗಿ. "ಯಾರೋ ಮೊದಲೇ ಗಜ ಮಾಡಿಸಿ, ರಾತ್ರಿ ಗಜ ಬದಲಾಯಿಸಿ, ಚಿಂದಿ ಬಿಚ್ಚಿಟ್ಟು ಕೂತಿದ್ರು. ಕೊಲೆ."

"ಹೌದು."

"ಗಜದ ಅಳತೆ ಗೊತ್ತಿದ್ದೋನು. ಚಿಂದಿ ವಿಷಯ ಗೊತ್ತಿದ್ದೋನು. ಒಳಗೆ ಈಡು ಇದೆ ಅಂತ ಗೊತ್ತಿದ್ದೋನು. ಕೋವಿ ತನಗೆ ಬೇಕು ಅಂತ ಕುಣೀತಿದ್ದೋನು." ಬೆರಳು ಮಡಚುತ್ತಾ ಹೋಗಿ ದಫೇದಾರ ತಮ್ಮನ ಕಡೆ ತಿರುಗಿದ. "ಎಷ್ಟು ಜನ ಇದ್ದಾರೆ ಮೇಡಂ ಅಂಥೋರು? ನಾನು ಅಜಾಗರೂಕತೆ ಅಂತ ಬರೆದಿದ್ದೆ, ಎರಡು ವರ್ಷಕ್ಕೆ ಹೊರಗೆ ಬರ್ತಿದ್ದ. ಈಗ ಜೀವಾವಧಿ."

ಗಣಪನ ಮಾಡಲು ಹೋಗಿ ಅವರಪ್ಪನ ಮಾಡಿದರು ಎಂಬ ಮಾತನ್ನು ಅಳತೆಯಮ್ಮ ಬೇರೆಯವರಿಗೆ ಸಾಕಷ್ಟು ಸಲ ಅಂದಿದ್ದಳು. ಇವತ್ತು ಅದು ತನಗೇ ಅಂಟಿಕೊಂಡಿತು. ಬಿಡಿಸಲು ಬಂದವಳು ಕುಣಿಕೆಯನ್ನು ಇನ್ನೊಂದು ಸುತ್ತು ಬಿಗಿದಿದ್ದಳು. ತಮ್ಮ ಅವಳನ್ನೇ ನೋಡುತ್ತಿದ್ದ. ಆ ನೋಟದಲ್ಲಿ ಕೋಪ ಇದ್ದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಇದ್ದದ್ದು ನಂಬಿಕೆ.

"ನಂಗೆ ಸ್ವಲ್ಪ ಹೊತ್ತು ಕೊಡಿ," ಎಂದಳು.

"ಹನ್ನೆರಡಕ್ಕೆ ಇವನನ್ನ ಸ್ಟೇಷನ್ನಿಗೆ ಕಳಿಸ್ತೀನಿ. ಅಲ್ಲಿಗೆ ಹೋದ ಮೇಲೆ ನನ್ನ ಕೈಲೂ ಇಲ್ಲ, ನಿಮ್ಮ ಕೈಲೂ ಇಲ್ಲ." ದಫೇದಾರ ಗಡಿಯಾರ ನೋಡಿದ. ಹತ್ತೂವರೆ. "ನಾನಂತೂ ಹೋಗೋ ಹಾಗಿಲ್ಲ. ಕೊಲೆ ಅಂದ ಮೇಲೆ ಮನೆಯವರ ಹೇಳಿಕೆ ಬರ್ಕೋಬೇಕು. ನನ್ನ ಪೇದೆ ರಜದಲ್ಲಿದ್ದಾನೆ."

"ನಾನ್ ಬಿಟ್ಟು ಬರ್ತೀನಿ ಬಿಡಿ ಸಾರ್," ಎಂದ ಹಾರ್ನಪ್ಪ. "ಕೈಕೋಳನ ಹಿಂದಿನ ಕಂಬಿಗೆ ಹಾಕಿ. ಎರಡು ಗಂಟೆ ದಾರಿ. ಅಕ್ಕನ ಕೆಲಸ ಮುಗಿಯೋದರಲ್ಲಿ ವಾಪಸ್ ಬಂದಿರ್ತೀನಿ."

ದಫೇದಾರ ಅಳತೆಯಮ್ಮನ ಮುಖ ನೋಡಿದ.

"ನಮ್ಮವನೇ," ಎಂದಳು ಅವಳು. "ಹನ್ನೊಂದು ವರ್ಷದಿಂದ ನೋಡಿದ್ದೀನಿ. ನಾನು ಜವಾಬ್ದಾರಿ."

ಗಜವನ್ನು ಬಟ್ಟೆಯಲ್ಲಿ ಸುತ್ತಿ, ರಶೀದಿಗೆ ಸಹಿ ಹಾಕಿ, ಅವಳು ಮೆಟ್ಟಿಲಿಳಿದಳು.

ಎರಡುಸಲದಣ್ಣನ ಮನೆ ರಸ್ತೆಯಿಂದ ಇಪ್ಪತ್ತು ಹೆಜ್ಜೆ. ಜಗಲಿಗೆ ಬಾಗಿಲಿಲ್ಲ, ಬರಿಯ ಗಿಡ್ಡ ಗೋಡೆ. ಗೋಡೆಯಾಚೆ ನಿಂತು ಕೈ ಚಾಚಿದರೆ ಕೋವಿಯ ಗೂಟ ಸಿಗುತ್ತಿತ್ತು. ಅಳತೆಯಮ್ಮ ಚಾಚಿಯೇ ನೋಡಿದಳು. ಗಿಡ್ಡ ಹೆಂಗಸಾದ ತನಗೇ ಸಿಕ್ಕಿತೆಂದರೆ ಯಾರಿಗೂ ಸಿಗುತ್ತದೆ.

ಸತ್ತವನ ಹೆಂಡತಿ, ಊರಿಗೆಲ್ಲ ಅತ್ತಿಗೆ, ಮೊರದಲ್ಲಿ ಬೀಜ ಹಸನು ಮಾಡುತ್ತಿದ್ದಳು. ಅತ್ತು ಮುಗಿದ ಮುಖ. ಬಿತ್ತನೆ ಯಾರಿಗೂ ಕಾಯುವುದಿಲ್ಲವಲ್ಲ.

"ನನ್ನ ಮೈದುನ ಮಾಡಿಲ್ಲ ಅಳತೆಯಮ್ಮಾ," ಎಂದಳು, ಬಂದವಳು ಕೂರುವ ಮೊದಲೇ. "ಜಗಳ ಆಡಿದ್ದು ನಿಜ. ಸಂಜೆ ಜಗಳ ಆಡೋದು, ರಾತ್ರಿ ಒಂದೇ ಕಂಬಳಿ ಎಳೆದಾಡೋದು, ಇವರಿಬ್ಬರದ್ದು ಚಿಕ್ಕಂದಿನಿಂದ ಇದೇ ಆಗಿತ್ತು."

"ನಂಗೊತ್ತು. ಆದ್ರೆ ನಂಗೆ ಗೊತ್ತಿದ್ದರೆ ಸಾಲದು ಅತ್ತಿಗೆ. ಆ ಚಿಂದಿ ಯಾವುದರದ್ದು?"

ಅತ್ತಿಗೆ ಒಳಗಿನಿಂದ ಒಂದು ಹಳೆಯ ಕೆಂಪು ಶಾಲು ತಂದಳು. ಅವಳ ಅತ್ತೆಯದಂತೆ. ಅಂಚಿನುದ್ದಕ್ಕೂ ಒಂದು ಹಳದಿ ಗೀಟು, ಮೂಲೆಯಲ್ಲಿ ಒಂದು ಗೇಣಿನಷ್ಟು ಹರಿದಿತ್ತು. "ಇಲ್ಲಿಂದ ಹರಿದಿದ್ದು. ಅಮ್ಮ ಕಾಯ್ತಾಳೆ ಅಂತಿದ್ರು."

ಅಳತೆಯಮ್ಮ ಆ ಗೀಟಿನ ಮೇಲೆ ಬೆರಳಾಡಿಸಿದಳು. ಗೋಡೆಯ ಮೊಳೆಗೆ ಅವಳದೇ ಆಫೀಸಿನ ನೋಟಿಸು ಚುಚ್ಚಿತ್ತು: ಸೋಮವಾರ ಕೋವಿಗಳ ಅಳತೆ, ತಪ್ಪದೆ ಹಾಜರಾಗಬೇಕು. ಅದರ ಹಿಂದೆ ಲಕೋಟೆ.

"ಇದು ಯಾವತ್ತು ಬಂತು?"

"ಬುಧವಾರ ಸಂಜೆ. ಯಾರೋ ಬಾಗಿಲ ಸಂದೀಲಿ ಸಿಕ್ಕಿಸಿ ಹೋಗಿದ್ರು. ಅದನ್ನ ನೋಡಿ ಇವರಿಗೆ ಖುಷಿ. ಅಳತೆಯಮ್ಮ ಬರ್ಲಿ, ಅವರಿಗೊಂದು ಮಾತು ಹೇಳೋದಿದೆ ಅಂದ್ರು."

"ಏನು ಮಾತು?"

"ನಂಗೂ ಹೇಳಲಿಲ್ಲ. ಕಾಡಿನ ವಿಷಯ, ಅವರ ಕಿವಿಗೇ ಬೀಳ್ಬೇಕು ಅಂದ್ರು."

ಅಳತೆಯಮ್ಮ ಲಕೋಟೆಯನ್ನು ತಿರುವಿದಳು. ಸ್ಟಾಂಪು ಅಂಟಿಸಿರಲಿಲ್ಲ, ಅಂಚೆಯ ಮುದ್ರೆಯೂ ಇರಲಿಲ್ಲ. ಕಳೆದ ವಾರವೆಲ್ಲ ತಾನು ಮಂಡಿನೋವೆಂದು ರಜೆ ಹಾಕಿ ಮಲಗಿದ್ದಳು. ನೋಟಿಸುಗಳನ್ನು ಏನು ಮಾಡಿದೆಯೋ ಎಂದು ಫೋನು ಮಾಡಿದಾಗ, "ಎಲ್ಲ ಅಂಚೆಗೆ ಹಾಕ್ಬಿಟ್ಟೆ ಅಕ್ಕಾ, ನೀವು ಕಾಲು ಚಾಚ್ಕೊಂಡು ಮಲಗಿ," ಎಂದಿದ್ದ ಹಾರ್ನಪ್ಪ. ಸ್ಟಾಂಪು ಅಂಟಿಸುವುದನ್ನೇ ಮರೆತಿದ್ದಾನೆ, ಅಂಚೆಯವನು ಪಾಪ ಹಾಗೇ ತಲುಪಿಸಿದ್ದಾನೆ ಎಂದುಕೊಂಡು ಲಕೋಟೆಯನ್ನು ಮೊಳೆಗೆ ಸಿಕ್ಕಿಸಿದಳು. ಅವಳ ತಲೆಯ ತುಂಬ ಗಜವೇ ಇತ್ತು.

ಗಂಟೆ ಹನ್ನೊಂದು ದಾಟಿತ್ತು.

ಕುಲುಮೆ ಇದ್ದದ್ದು ಗುಡ್ಡದ ಮೇಲೆ. ಕೆಳಗೆ, ಕಲ್ಲೆಸೆದರೆ ಬೀಳುವಷ್ಟು ದೂರದಲ್ಲಿ, ಜೀಪಿನ ರಸ್ತೆ ಹಾವಿನ ಹಾಗೆ ಸುತ್ತಿಕೊಂಡು ಕಾಡಿಗೆ ಇಳಿಯುತ್ತಿತ್ತು. ಸುತ್ತಲ ಹತ್ತು ಊರಿನ ಕೋವಿಗಳ ಕಾಯಿಲೆಗೆ ಒಬ್ಬನೇ ವೈದ್ಯ, ಕುಲುಮೆ ಮಾವ. ಎಪ್ಪತ್ತು ದಾಟಿದವನು. ಒಂದು ಕಿವಿ ಕೇಳುತ್ತಿರಲಿಲ್ಲ. ಯಾವ ಕಿವಿ ಎಂಬುದು ಎದುರಿಗಿದ್ದವರ ಪ್ರಶ್ನೆಯ ಮೇಲೆ ನಿಂತಿತ್ತು.

ಅಳತೆಯಮ್ಮ ಏದುಸಿರು ಬಿಡುತ್ತಾ ಮರದ ದಿಮ್ಮಿಯ ಮೇಲೆ ಕೂತಳು. ಬಟ್ಟೆ ಬಿಚ್ಚಿ ಗಜವನ್ನು ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲಿಟ್ಟಳು.

"ಇದು ಯಾರ ಕೆಲಸ ಮಾವ?"

ಮಾವ ತಿದಿಯ ಹಗ್ಗ ಬಿಡಲಿಲ್ಲ. "ಯಾರದ್ದೋ. ನಂದಲ್ಲ."

"ಕೈಗೆ ತಗೊಂಡು ಹೇಳಿ."

"ಕಣ್ಣು ಸರಿಯಾಗಿ ಕಾಣಲ್ಲ."

"ಅರ್ಧ ಫರ್ಲಾಂಗಿನಿಂದ ನಾನು ಬರೋದು ಕಂಡು ಒಳಗೆ ಹೋಗಿ ಅಂಗಿ ಹಾಕ್ಕೊಂಡ್ರಿ. ಅದು ಕಂಡಿತ್ತಾ?"

ಮಾವ ತಿದಿಯ ಹಗ್ಗವನ್ನು ಇನ್ನೂ ಜೋರಾಗಿ ಎಳೆದ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎಂದುಕೊಂಡಳು ಅಳತೆಯಮ್ಮ. ಆದರೂ ಈ ಮುದುಕ ಕೊಲ್ಲುವವನಲ್ಲ. ಸುತ್ತ ಕಣ್ಣಾಡಿಸಿದಳು. ಗೋಡೆಗೆ ನೇತುಹಾಕಿದ್ದ ಕುಡುಗೋಲು, ಬಾಗಿಲಿನ ಚಿಲಕ, ದುರಸ್ತಿಗೆ ಬಂದ ಒಂದು ಕೋವಿಯ ಪಟ್ಟಿ. ಪ್ರತಿಯೊಂದರ ಮೇಲೂ ಅರದಿಂದ ಎಳೆದ ಮೂರು ಸಣ್ಣ ಗೆರೆಗಳಿದ್ದವು. ಓದು ಬಾರದವನ ಸಹಿ. ಗಜವನ್ನು ತಿರುಗಿಸಿ ಹಿತ್ತಾಳೆ ಟೊಪ್ಪಿಯನ್ನು ಬೆಳಕಿಗೆ ಹಿಡಿದಳು.

"ಒಂದು, ಎರಡು, ಮೂರು," ಎಂದು ಎಣಿಸಿದಳು. "ಕಡ್ಡಿ ಹಳೇದು, ಟೊಪ್ಪಿ ಹೊಸದು. ಕೊಲೆಗೆ ಸಹಿ ಹಾಕಿ ಕೊಟ್ಟಿದ್ದೀರಲ್ಲ ಮಾವ."

ಹಗ್ಗ ನಿಂತಿತು. "ಕೊಲೆನಾ?"

"ಎರಡುಸಲದಣ್ಣ ಸತ್ತಿದ್ದು ಈ ಗಜದಿಂದ."

ಮಾವ ಈಗ ಗಜವನ್ನು ಕೈಗೆ ತೆಗೆದುಕೊಂಡ. "ನಾರು ಸರಿಯಾಗಿ ಕೂತಿರಲಿಲ್ಲ, ನಳಿಗೆ ಹಳೇದು ಅಂದ್ರು. ಇದು ಅಂತ ಯಾರೂ ಹೇಳಲಿಲ್ಲ." ಗಜವನ್ನು ಮತ್ತೆ ಅಡಿಗಲ್ಲಿನ ಮೇಲಿಟ್ಟು ಹೇಳಿದ: "ರಿಜಿಸ್ಟರಲ್ಲಿ ಇಲ್ಲದ ಗಜ ಮಾಡಿದ್ರೆ ಕುಲುಮೆಗೆ ಬೀಗ ಅಂತ ನೀವೇ ಅಲ್ವಾ ಹೇಳಿದ್ದು? ಅದಕ್ಕೆ ನಂದಲ್ಲ ಅಂದೆ."

"ಬೀಗ ಹಾಕಲ್ಲ. ಹನ್ನೆರಡು ಗಂಟೆಗೆ ಅವನ ತಮ್ಮನನ್ನ ಕೊಲೆಗಾರ ಅಂತ ಕಳಿಸ್ತಿದ್ದಾರೆ. ನಿಮ್ಮ ಒಂದು ಮಾತಿಗೆ ಅವನ ಇಡೀ ಬದುಕು ನೇತಾಡ್ತಿದೆ. ಮಾಡಿಸಿದ್ದು ಯಾರು?"

"ಸತ್ತವನೇ."

ಅಳತೆಯಮ್ಮ ಕನ್ನಡಕ ತೆಗೆದಳು.

"ನಿಮ್ಮ ಆಫೀಸಿನೋರಿಗೆ ಹೇಳೋ ವಿಷಯ ಅಲ್ಲ ಇದು," ಎಂದ ಮಾವ. "ಇದು ಪರೀಕ್ಷೆ ಗಜ. ಕೋವೀನ ಚಿಕ್ಕವನ ಕೈಗೆ ದಾಟಿಸೋ ಮುಂಚೆ ದೊಡ್ಡವನು ಒಂದು ಪರೀಕ್ಷೆ ಇಡ್ತಾನೆ. ನಳಿಗೆಗೆ ಮದ್ದಲ್ಲ, ಬೂದಿ ತುಂಬ್ತಾನೆ. ಗಜ ಬದಲಾಯಿಸಿ ಇಡ್ತಾನೆ. 'ತುಂಬು' ಅಂತಾನೆ. ಬರೀ ತಲೆ ನೋಡಿ ಖಾಲಿ ಅಂದುಕೊಂಡ್ರೆ ಸೋತ, ಇನ್ನೊಂದು ವರ್ಷ ಕಾಯಬೇಕು. ಗಜ ಕೈಗೆ ತಗೊಂಡ ಕೂಡ್ಲೇ ಇದು ನಮ್ಮದಲ್ಲ, ಗಿಡ್ಡ ಅಂದ್ರೆ ಗೆದ್ದ. ಇವನಿಗೆ ಇವನಪ್ಪ ಹೀಗೇ ಮಾಡಿದ್ದ. ಆ ಗಜಾನೂ ನಾನೇ ಕಡಿದು ಕೊಟ್ಟಿದ್ದು."

"ಅಂದ್ರೆ ತಮ್ಮನಿಗೆ ಕೋವಿ ಕೊಡೋನಿದ್ದ?"

"ಭಾನುವಾರ ಪರೀಕ್ಷೆ, ಸೋಮವಾರ ಅಳತೆಯಮ್ಮ ಬಂದಾಗ ಹೆಸರು ಬದಲಾಯಿಸ್ತೀನಿ ಅಂದಿದ್ದ. ಗೆಲ್ತಾನೆ ನೋಡು ಮಾವ, ನನಗಿಂತ ಚುರುಕು ಅಂದ." ಮುದುಕನ ಕಣ್ಣು ತುಂಬಿತು. "ಎದುರಿಗೆ ಮಾತ್ರ ಬೈತಾನೇ ಇರ್ತಿದ್ದ."

ಸೋಮವಾರ ಎಂದರೆ ಇವತ್ತು. ಇವತ್ತು ಈ ಹೊತ್ತಿಗೆ ಅಣ್ಣ ತಮ್ಮ ಇಬ್ಬರೂ ತನ್ನ ಮೇಜಿನ ಮುಂದೆ ನಿಂತಿರಬೇಕಿತ್ತು, ತಾನು ಕೆಂಪು ಶಾಯಿಯಲ್ಲಿ ಹೆಸರು ಬದಲಾಯಿಸಬೇಕಿತ್ತು. ಅಳತೆಯಮ್ಮನಿಗೆ ದುಃಖವೂ ಆಯಿತು, ಅದರ ಬೆನ್ನಿಗೇ ಉಸಿರೂ ಹಗುರವಾಯಿತು. ಈ ಗಜ ಮಾಡಿಸಿದವನು ತಮ್ಮನಲ್ಲ, ಹೀಗೊಂದು ಗಜ ಇರುವುದೂ ಅವನಿಗೆ ಗೊತ್ತಿರುವಂತಿಲ್ಲ. ಮಾವನ ಈ ಮಾತು ಸಾಕು, ದಫೇದಾರ ಜೀಪು ನಿಲ್ಲಿಸಲೇಬೇಕು. ಗಡಿಯಾರ ನೋಡಿದಳು. ಹನ್ನೊಂದು ನಲವತ್ತು. ಇಳಿಜಾರು, ಹತ್ತು ನಿಮಿಷಕ್ಕೆ ಚೌಕಿ ಸೇರಬಹುದು.

"ನಡೀರಿ ಮಾವ, ಇದನ್ನೇ ದಫೇದಾರ್ರ ಮುಂದೆ ಹೇಳಿ." ಎದ್ದು ಗಜ ಸುತ್ತಿಕೊಳ್ಳುತ್ತಾ ಕೇಳಿದಳು: "ಅಣ್ಣ ಇದನ್ನ ಯಾವತ್ತು ತಗೊಂಡು ಹೋದ? ಆಮೇಲೆ ಯಾರ ಕೈಗೆ ಸಿಕ್ತು ಅಂತ ನೋಡಬೇಕು."

"ಅವನೆಲ್ಲಿ ತಗೊಂಡು ಹೋದ?" ಮಾವ ಅವಳನ್ನು ವಿಚಿತ್ರವಾಗಿ ನೋಡಿದ. "ಗುರುವಾರ ಬರ್ತೀನಿ ಅಂದಿದ್ದ. ಇದನ್ನ ತರಿಸ್ಕೊಂಡಿದ್ದು ನೀವೇ ಅಲ್ವಾ?"

"ನಾನಾ?"

"ಬುಧವಾರ ಮಧ್ಯಾಹ್ನ ನಿಮ್ಮ ಜೀಪಿನವನು ನೋಟಿಸು ಹಂಚ್ಕೊಂಡು ಬಂದಿದ್ದ. ಇದು ಇಲ್ಲೇ ಒರಗಿತ್ತು. ಇದೇನು ಗಿಡ್ಡ ಅಂದ. ನಾನು ಬಾಯಿ ತಡೀದೆ ಎಲ್ಲ ಹೇಳಿಬಿಟ್ಟೆ. ಯಾರದ್ದು, ಯಾತಕ್ಕೆ, ಎಲ್ಲ. ಅಳತೆಯಮ್ಮ ನೋಡಬೇಕಂತಾರೆ, ಕೊಡು, ಕೇಳಿದೋರಿಗೆ ಹೇಳಬೇಡ, ನಿನ್ನ ಕುಲುಮೆಗೇ ಕುತ್ತು ಅಂದ. ನಿಮ್ಮ ಹೆಸರು ಹೇಳಿದ ಮೇಲೆ ನಾನು ಇಲ್ಲ ಅನ್ನೋಕಾಗುತ್ತಾ?"

ಅಳತೆಯಮ್ಮ ಮತ್ತೆ ದಿಮ್ಮಿಯ ಮೇಲೆ ಕೂತಳು.

ಸ್ಟಾಂಪಿಲ್ಲದ ಲಕೋಟೆ. ಬಾಗಿಲ ಸಂದಿ. ಗಿಡ್ಡ ಗೋಡೆಯ ಜಗಲಿ. ಅಂಚೆಗೆ ಹಾಕ್ಬಿಟ್ಟೆ ಅಕ್ಕಾ. ಒಂದೊಂದೇ ಬಂದು ಅದರದರ ಜಾಗದಲ್ಲಿ ಕೂತವು. ಗಜ ಕೋವಿಯ ನಾಲಿಗೆ ಕಣೋ, ಗಜ ಸುಳ್ಳು ಹೇಳಿದರೆ ಕೋವಿ ಕೊಲ್ಲುತ್ತದೆ ಎಂದು ಹನ್ನೊಂದು ವರ್ಷ ಆ ಜೀಪಿನಲ್ಲಿ ಕೂತು ಪಾಠ ಹೇಳಿದವಳು ತಾನೇ. ಅವನು ಸ್ಟೇರಿಂಗ್ ಹಿಡಿದು, ಹೂಂ ಅಕ್ಕಾ, ಹೂಂ ಅಕ್ಕಾ ಎಂದು ಕೇಳಿಸಿಕೊಂಡಿದ್ದ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಆ ಬೇಲಿಯನ್ನು ನೆಟ್ಟವಳೂ, ನೀರೆರೆದವಳೂ, ಇವತ್ತು ಬೆಳಗ್ಗೆ ನಾನು ಜವಾಬ್ದಾರಿ ಎಂದವಳೂ ತಾನೇ.

ಏಕೆ ಎಂಬುದು ತಿಳಿಯಲಿಲ್ಲ. ಕಾಡಿನ ವಿಷಯ, ಅವರ ಕಿವಿಗೇ ಬೀಳಬೇಕು ಎಂದಿದ್ದನಂತೆ ಸತ್ತವನು. ಆಫೀಸಿಗೆ ಕಾಗದ ಬರೆಯದೆ, ದಫೇದಾರನಿಗೂ ಹೇಳದೆ, ತನಗೊಬ್ಬಳಿಗೇ ಹೇಳಬೇಕೆಂದು ಕಾದದ್ದು ಯಾರ ಬಗ್ಗೆ ಇರಬಹುದು?

ಕೆಳಗೆ ಹಾರ್ನು ಕೇಳಿಸಿತು.

ಅಳತೆಯಮ್ಮ ಗಡಿಯಾರ ನೋಡಿದಳು. ಹನ್ನೆರಡಕ್ಕೆ ಇನ್ನೂ ಹದಿನೈದು ನಿಮಿಷ ಇತ್ತು. ಜೀಪು ಮೊದಲೇ ಹೊರಟಿತ್ತು.

ಮಂಡಿನೋವನ್ನು ಮರೆತು ಗುಡ್ಡದ ಅಂಚಿಗೆ ಓಡಿದಳು. ಕೆಳಗಿನ ತಿರುವಿನಲ್ಲಿ ಜೀಪು ನಿಧಾನವಾಗಿ ಬರುತ್ತಿತ್ತು. ಮುಂದೆ ಹಾರ್ನಪ್ಪ ಒಬ್ಬನೇ. ಹಿಂದೆ, ತೆರೆದ ಕ್ಯಾನ್ವಾಸಿನೊಳಗೆ, ಕಂಬಿಗೆ ಕೈ ಕಟ್ಟಿಸಿಕೊಂಡು ತಮ್ಮ.

"ಏಯ್! ನಿಲ್ಸೋ!"

ಇಂಜಿನ್ನಿನ ಸದ್ದಿಗೆ ಅವಳ ಕೂಗು ಯಾವ ಲೆಕ್ಕ. ಜೀಪು ತಿರುಗಿ ಬೆನ್ನು ತೋರಿಸಿತು. ಆಗ ಕಂಡಿತು. ಹಿಂದಿನ ಕಂಬಿಯ ಹೊರಮೈಗೆ, ರಸ್ತೆಯಲ್ಲಿ ನಿಂತ ಯಾರಿಗೂ ಕಾಣುವಂತೆ, ಒಂದು ಬಟ್ಟೆ ಕಟ್ಟಿತ್ತು. ಗೇಣುದ್ದದ ಕೆಂಪು ಚಿಂದಿ. ಬಿಸಿಲಿಗೆ ಅದರ ಅಂಚಿನ ಹಳದಿ ಗೀಟು ಹೊಳೆಯಿತು.

ಅತ್ತಿಗೆ ತೋರಿಸಿದ್ದ ಶಾಲಿನ ಅದೇ ಗೀಟು. ಬಿಚ್ಚಿದ ಮೇಲೆ ಡ್ರೈವರಿಗೆ ಆ ಚಿಂದಿ ಬರೀ ಒರೆಸುವ ಬಟ್ಟೆ, ಅಷ್ಟೇ. ಅವತ್ತು ಕುದುರೆಯಿಂದ ಬಿಚ್ಚಿದ್ದನ್ನು ಜೇಬಿಗೆ ಹಾಕಿಕೊಂಡು ಬಂದು ಸೀಟಿನ ಕೆಳಗಿನ ಗಂಟಿಗೆ ಎಸೆದಿದ್ದಾನೆ, ಆಮೇಲೆ ಮರೆತಿದ್ದಾನೆ. ಗುಂಡಿಯ ರಸ್ತೆಗೆ ಆ ಗಂಟು ಹಿಂದಕ್ಕೆ ಜಾರಿ ತಮ್ಮನ ಕಾಲಿಗೆ ತಾಗಿದೆ. ಅಮ್ಮನ ಶಾಲನ್ನು ಅವನು ಕತ್ತಲಲ್ಲೂ ಗುರುತಿಸುತ್ತಾನೆ. ಅವನಿಗೂ ಈಗ ಎಲ್ಲ ಗೊತ್ತಾಗಿದೆ. ಕೋಳ ಹಾಕಿದ ಕೈಯಲ್ಲೇ, ಮುಂದಿನವನಿಗೆ ಕಾಣದ ಹಾಗೆ, ಮನೆಯ ಕ್ರಮದಂತೆ ಕಟ್ಟಿ ಇಟ್ಟಿದ್ದಾನೆ. ಒಳಗೆ ಜೀವ ಇದೆ, ಜೋಪಾನ.

ತಮ್ಮ ಒಮ್ಮೆ ತಲೆಯೆತ್ತಿ ಗುಡ್ಡದ ಕಡೆ ನೋಡಿದ. ಆಮೇಲೆ ಮರಗಳು ಜೀಪನ್ನು ಮುಚ್ಚಿಕೊಂಡವು.

"ಮಾವ, ಕೆಳಗೆ ಜೀಪು ದಾಟೋ ಸೇತುವೆ ಇದೆಯಲ್ಲ, ಅಲ್ಲಿಗೆ ಕಾಲುದಾರಿ ಇದೆಯಾ?"

"ಇದೆ. ನೇರಕ್ಕೆ ಇಳಿದ್ರೆ ಅರ್ಧ ಗಂಟೆ. ಜೀಪಿಗೆ ಆರು ತಿರುವು ಸುತ್ತಬೇಕು, ರಸ್ತೆ ಬೇರೆ ಕಿತ್ತುಹೋಗಿದೆ, ಅದಕ್ಕೂ ಅಷ್ಟೇ ಹೊತ್ತು."

"ನೀವು ದಫೇದಾರ್ರ ಹತ್ರ ಓಡಿ. ಎಲ್ಲ ಹೇಳಿ."

ಗಜವನ್ನೇ ಊರುಗೋಲು ಮಾಡಿಕೊಂಡು ಅಳತೆಯಮ್ಮ ಕಾಲುದಾರಿಗೆ ಇಳಿದಳು. ಮುಳ್ಳು ಸೆರಗು ಹಿಡಿದೆಳೆಯಿತು, ಅವಳು ನಿಲ್ಲಲಿಲ್ಲ. ಕಿವಿಯೆಲ್ಲ ಕೆಳಗಿನ ರಸ್ತೆಯ ಮೇಲೇ ಇತ್ತು. ಒಂದು ತಿರುವನ್ನೂ ಹಾರ್ನು ಹೊಡೆಯದೆ ದಾಟುವವನಲ್ಲವಲ್ಲ ಅವನು. ಎರಡನೇ ತಿರುವಿನ ಹಾರ್ನು ಬಂತು. ಇವಳು ಹಳ್ಳ ದಾಟುವ ಹೊತ್ತಿಗೆ ಮೂರನೆಯದು ಬಂತು. ಇನ್ನೂ ಸಮಯ ಇದೆ ಎಂದು ತನಗೆ ತಾನೇ ಹೇಳಿಕೊಂಡಳು. ನಾಲ್ಕನೆಯದು ತೀರ ಹತ್ತಿರದಲ್ಲೇ, ಬಿದಿರು ಮೆಳೆಯ ಆಚೆಯೇ ಕೇಳಿಸಿತು.

ಅಳತೆಯಮ್ಮ ಐದನೆಯದಕ್ಕೆ ಕಿವಿಗೊಟ್ಟು ನಡೆದಳು.

ಅದು ಬರಲಿಲ್ಲ. ಇಂಜಿನ್ನಿನ ಸದ್ದೂ ನಿಂತಿತ್ತು.